ಹಾವಿನ ಊಟಕ್ಕೆ ಮನೆಯಲ್ಲೇ ಬಿಳಿ ಇಲಿ: ಹುಟ್ಟಿಸುವ ಮೊದಲು ಲೆಕ್ಕ ಹಾಕಿ

ಕಾರ್ನ್ ಸ್ನೇಕ್ ಅಂದರೆ ಮನೆಗಳಲ್ಲಿ ಸಾಕುವ, ವಿಷವಿಲ್ಲದ ಅಮೆರಿಕದ ಹಾವು. ಬೆಳೆದ ಒಂದು ಕಾರ್ನ್ ಸ್ನೇಕ್‌ಗೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಒಂದು ಇಲಿ ಸಾಕು. ವರ್ಷಕ್ಕೆ 26ರಿಂದ 36 ಇಲಿ ಆಯಿತು. ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. ಒಂದು ಗಂಡು, ಎರಡು ಹೆಣ್ಣು ಇಟ್ಟರೆ ಒಂದು ಸುತ್ತಿಗೆ ಹದಿನಾರರ ಆಸುಪಾಸು ಮರಿ. ಬಸಿರು 19ರಿಂದ 21 ದಿನ. ಮರಿ ಹಾಕಿದ 24 ಗಂಟೆಯೊಳಗೆ ಹೆಣ್ಣಿಲಿ ಮತ್ತೆ ಬೆದೆಗೆ ಬರುತ್ತದೆ. ಗಂಡು ಜೊತೆಯಲ್ಲೇ ಇದ್ದರೆ ಹಾಲು ಕುಡಿಸುತ್ತಲೇ ಇನ್ನೊಮ್ಮೆ ಬಸಿರು. ಆರು ವಾರ ಆಗುವಷ್ಟರಲ್ಲಿ ಆ ಮರಿಗಳೇ ಮರಿ ಹಾಕಲು ತಯಾರು.

ಅಂದರೆ ಒಂದು ಹಾವಿನ ಮನೆಗೆ ಮೂರೇ ಇಲಿಯೂ ಜಾಸ್ತಿಯೇ. ಇಲಿ ಸಾಕಿ ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಮರಿ ಆಗಲಿಲ್ಲ ಅನ್ನುವ ತೊಂದರೆ ಇರುವುದಿಲ್ಲ. ಮರಿ ಹಾಕುವುದು ನಿಲ್ಲಲಿಲ್ಲ ಅನ್ನುವುದೇ ತೊಂದರೆ. ಹಾಗಾಗಿ ಇಲ್ಲಿ ಹೇಳುವ ವಿಧಾನದಲ್ಲಿ ಇಲಿಗಳು ವರ್ಷವಿಡೀ ಮರಿ ಹಾಕುವುದಿಲ್ಲ. ವರ್ಷಕ್ಕೆ ಎರಡು ಸುತ್ತು ಅಷ್ಟೆ. ಬೇಕಾದಷ್ಟು ಫ್ರೀಜರ್‌ಗೆ ಹೋದ ಮೇಲೆ ಪೆಟ್ಟಿಗೆ ಖಾಲಿ.

ಶುರು ಮಾಡುವ ಮೊದಲು ಮೂರು ವಿಷಯ

ಮೊದಲನೆಯದು ಹಾವಿನ ಕಾಗದಪತ್ರ. ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಹಾವು ಇವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ‘ತೋಟದಲ್ಲಿ ಸಿಕ್ಕ ಮರಿ, ಪಾಪ ಅಂತ ಸಾಕುತ್ತಿದ್ದೇನೆ’ ಅನ್ನುವುದಕ್ಕೂ ವಿನಾಯಿತಿ ಇಲ್ಲ. 2022ರ ತಿದ್ದುಪಡಿಯ ನಂತರ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳೂ ಈ ಕಾಯ್ದೆಯೊಳಗೆ ಬಂದಿವೆ. ಆಫ್ರಿಕಾದ ಚಿಕ್ಕ ಹೆಬ್ಬಾವು ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಅದನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ಆದರೂ ಕೊಂಡ ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ.

ಎರಡನೆಯದು, ನಿಮ್ಮದು ಯಾವ ಹಾವು? ಈ ಲೆಕ್ಕವೆಲ್ಲ ಕಾರ್ನ್ ಸ್ನೇಕ್‌ನಂಥ ತೆಳ್ಳನೆಯ ಹಾವಿಗೆ. ಬೆಳೆದ ಬಾಲ್ ಪೈಥಾನ್ ಒಂದು ಕಿಲೋ ದಾಟುತ್ತದೆ, 25 ಗ್ರಾಂ ತೂಗುವ ಇಲಿ ಅದರ ಹಲ್ಲಿಗೂ ಸಾಲದು. ಅದಕ್ಕೆ ದೊಡ್ಡ ಜಾತಿಯ ರ್ಯಾಟ್ ಬೇಕು. ಚಿಕ್ಕಂದಿನಿಂದ ಬರೀ ಚಿಕ್ಕ ಇಲಿ ತಿಂದು ಬೆಳೆದ ಬಾಲ್ ಪೈಥಾನ್ ಆಮೇಲೆ ರ್ಯಾಟ್ ಮುಟ್ಟದೆ ತಿಂಗಳುಗಟ್ಟಲೆ ಉಪವಾಸ ಕೂರುವುದೂ ಉಂಟು. ಆ ಹಾವು ಇರುವವರು ಮೊದಲಿನಿಂದಲೇ ರ್ಯಾಟ್ ಮರಿ ರೂಢಿ ಮಾಡಿಸುವುದು ಒಳ್ಳೆಯದು.

ಮೂರನೆಯದು ಕಷ್ಟದ್ದು. ಇಲಿಯನ್ನು ನಿಮ್ಮ ಕೈಯಾರೆ ಕೊಲ್ಲಬೇಕಾಗುತ್ತದೆ. ಸಾಕಿದ್ದನ್ನು, ದಿನಾ ನೀರು ಇಟ್ಟು ನೋಡಿಕೊಂಡಿದ್ದನ್ನು ಕೊಲ್ಲಬೇಕು. ಇದು ನಿಮ್ಮಿಂದಾಗುತ್ತದೆಯೇ ಎಂದು ಪೆಟ್ಟಿಗೆ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಆಗುವುದಿಲ್ಲ ಅನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಫ್ರೋಜನ್ ಇಲಿ ಕೊಂಡು ತನ್ನಿ, ದುಡ್ಡು ಸ್ವಲ್ಪ ಜಾಸ್ತಿ ಹೋಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಒಂದೇ ಹಾವು ಇದ್ದು, ನಿಮ್ಮ ಊರಲ್ಲಿ ಫ್ರೋಜನ್ ಇಲಿ ಸರಿಯಾಗಿ ಸಿಗುತ್ತಿದ್ದರೆ ನಾನೂ ಅದನ್ನೇ ಮಾಡಿ ಅನ್ನುತ್ತೇನೆ. ಮನೆಯಲ್ಲಿ ಸಾಕುವುದಕ್ಕೆ ಅರ್ಥ ಬರುವುದು ಸರಬರಾಜು ನಂಬುವಂತಿಲ್ಲದ ಊರುಗಳಲ್ಲಿ, ಇಲ್ಲವೇ ಎರಡು ಮೂರು ಹಾವು ಇರುವ ಮನೆಯಲ್ಲಿ.

ಮನೆಯವರ ಒಪ್ಪಿಗೆಯನ್ನೂ ಈಗಲೇ ತೆಗೆದುಕೊಳ್ಳಿ. ಅಡುಗೆಮನೆಯ ಫ್ರಿಜ್‌ನಲ್ಲಿ ಇಲಿ ಇಡುವ ಮಾತು ಎತ್ತಲೇಬೇಡಿ. ಇದಕ್ಕೆಂದೇ ಫ್ರೀಜರ್ ಇರುವ ಬೇರೆ ಚಿಕ್ಕ ಫ್ರಿಜ್ ಬೇಕೇ ಬೇಕು. ಅದು ಮಡಿ ಮೈಲಿಗೆಯ ಮಾತಲ್ಲ, ಸಾಲ್ಮೊನೆಲ್ಲಾ ಸೋಂಕಿನ ಮಾತು. ಮನೆಯಲ್ಲಿ ಬಸುರಿ ಇದ್ದರೆ ಇಲಿ ಸಾಕಣೆ ಆ ವರ್ಷ ಬೇಡವೇ ಬೇಡ. ಇಲಿಗಳಿಂದ ಬರುವ ಒಂದು ವೈರಸ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಮಾಡಬಲ್ಲದು. ಆಸ್ತಮಾ ಇರುವವರಿಗೂ ಇಲಿ ಮೂತ್ರದ ಅಲರ್ಜಿ ಕಾಡುತ್ತದೆ.

ಪೆಟ್ಟಿಗೆ ಮತ್ತು ಜಾಗ

ಗಟ್ಟಿ ಪ್ಲಾಸ್ಟಿಕ್ ಸ್ಟೋರೇಜ್ ಬಾಕ್ಸ್ ಸಾಕು. ತಳ ಸುಮಾರು 45 ಸೆಂಟಿಮೀಟರ್ ಉದ್ದ, 30 ಅಗಲ ಇದ್ದರೆ ಒಂದು ಗಂಡು, ಎರಡು ಹೆಣ್ಣು, ಅವುಗಳ ಮರಿಗಳು ಹಿಡಿಯುತ್ತವೆ. ಇಂಥವು ಮೂರು ತನ್ನಿ. ಒಂದು ಸಂಸಾರಕ್ಕೆ, ಒಂದು ಗಂಡನ್ನು ಬೇರೆ ಇಡಲು, ಇನ್ನೊಂದು ಹಾಲು ಬಿಟ್ಟ ಮರಿಗಳಿಗೆ. ಮೂರನೇ ಪೆಟ್ಟಿಗೆ ಆಮೇಲೆ ತರೋಣ ಅಂದುಕೊಂಡರೆ ಅಷ್ಟರಲ್ಲಿ ಮರಿಗಳು ಬಸಿರಾಗಿರುತ್ತವೆ.

ಮುಚ್ಚಳವನ್ನು ದೊಡ್ಡದಾಗಿ ಕತ್ತರಿಸಿ ಕಾಲು ಇಂಚಿನ ವೆಲ್ಡ್ ಮೆಶ್ ಕೂರಿಸಿ. ಅರ್ಧ ಇಂಚಿನದು ಬೇಡ, ಮರಿಗಳು ನುಸುಳಿಹೋಗುತ್ತವೆ. ಮೆಶ್ ಅನ್ನು ಅಂಟಿನಿಂದ ಅಂಟಿಸದೆ ಬೋಲ್ಟು, ವಾಷರ್ ಹಾಕಿ ಬಿಗಿಯಿರಿ. ಒಳಗೋಡೆ ನುಣ್ಣಗಿದ್ದರೆ ಇಲಿ ಕಚ್ಚುವುದಿಲ್ಲ. ಅಂಚು, ತೂತು, ಉಬ್ಬು ಸಿಕ್ಕರೆ ಮಾತ್ರ ಅದಕ್ಕೆ ಹಲ್ಲು ಹಾಕಲು ಹಿಡಿತ ಸಿಗುತ್ತದೆ. ಹಾಗಾಗಿ ಪಕ್ಕದ ಗೋಡೆಗೆ ಗಾಳಿಗೆಂದು ತೂತು ಕೊರೆಯಬೇಡಿ.

ಪೆಟ್ಟಿಗೆ ಹಾವಿನ ಕೋಣೆಯಲ್ಲಿ ಬೇಡ. ದಿನವಿಡೀ ಇಲಿ ವಾಸನೆ ಬರುತ್ತಿದ್ದರೆ ಹಾವು ಬೇಟೆಯ ಗುಂಗಿನಲ್ಲೇ ಇರುತ್ತದೆ, ಕೈ ಹಾಕಿದರೆ ಎರಗುತ್ತದೆ. ಇತ್ತ ಇಲಿಗಳಿಗೂ ನೆಮ್ಮದಿ ಇಲ್ಲ. ಗಾಳಿಯಾಡುವ, ನೇರ ಬಿಸಿಲು ಬೀಳದ ಯುಟಿಲಿಟಿ ಅಥವಾ ಮೇಲ್ಮಹಡಿಯ ಕೋಣೆ ಸರಿ. ಸ್ಟೀಲ್ ರ್ಯಾಕ್ ಮೇಲೆ ಇಡಿ. ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು ಇಡುವುದನ್ನು ಮರೆಯಬೇಡಿ. ನಮ್ಮ ಊರುಗಳಲ್ಲಿ ಎಳೆಮರಿಗಳ ದೊಡ್ಡ ಶತ್ರು ಇರುವೆ. ರಾತ್ರಿ ಒಂದು ಸಾಲು ಹತ್ತಿದರೆ ಬೆಳಗ್ಗೆ ಗೂಡಲ್ಲಿ ಒಂದೂ ಮರಿ ಉಳಿಯುವುದಿಲ್ಲ. ಅಜ್ಜಿ ತುಪ್ಪದ ಗಡಿಗೆ ಕಾಯುತ್ತಿದ್ದ ಉಪಾಯವೇ ಇಲ್ಲಿ ಸಾಕು. ಇರುವೆಗೆ ಗೀಚುವ ಚಾಕ್‌ಪೀಸ್, ಸ್ಪ್ರೇ ಯಾವುದನ್ನೂ ಹತ್ತಿರ ತರಬೇಡಿ. ಅದರ ವಿಷ ಇಲಿಯ ಮೈಗೆ ಅಂಟಿ ಹಾವಿನ ಹೊಟ್ಟೆಗೆ ಹೋಗುತ್ತದೆ.

ಸೆಖೆಯ ವಿಷಯದಲ್ಲಿ ಇಲಿ ತುಂಬಾ ಸೂಕ್ಷ್ಮ. 20ರಿಂದ 26 ಡಿಗ್ರಿ ಅದಕ್ಕೆ ಹಿತ. 30 ದಾಟಿದರೆ ಮರಿ ಕಡಿಮೆಯಾಗುತ್ತದೆ, ಇನ್ನೂ ಏರಿದರೆ ಇಲಿಯೇ ಸಾಯುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವೇ ಕಷ್ಟ, ಇನ್ನು ರಾಯಚೂರು, ಕಲಬುರಗಿ ಕಡೆ ಕೇಳಬೇಕೇ? ಕರಾವಳಿಯವರಿಗೆ ಬೇರೆ ತಾಪತ್ರಯ. ಹವೆಯ ತೇವಕ್ಕೆ ಹಾಸು ಒದ್ದೆಯಾಗಿ ಅಮೋನಿಯಾ ಬೇಗ ಏಳುತ್ತದೆ. ಅಲ್ಲಿ ವಾರಕ್ಕೆ ಎರಡು ಸಲ ಹಾಸು ಬದಲಿಸಬೇಕಾದೀತು.

ಹಾಸು, ನೀರು, ಊಟ

ಹಾಸಿಗೆ ಭತ್ತದ ಹೊಟ್ಟು ಚೆನ್ನಾಗಿ ಒಗ್ಗುತ್ತದೆ. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಮಿಲ್ಲಿನಿಂದ ತಂದದ್ದನ್ನು ಹಾಗೇ ಹಾಕಬೇಡಿ. ಗೋದಾಮಿನ ಇಲಿಗಳು ಅದರ ಮೇಲೆ ಓಡಾಡಿರುತ್ತವೆ, ಹುಳುವೂ ಇರುತ್ತದೆ. ದೂಳು ಜರಡಿ ಹಿಡಿದು, ಕಡು ಬಿಸಿಲಿನಲ್ಲಿ ಒಣಗಿಸಿ, ಚೀಲದಲ್ಲಿ ಕಟ್ಟಿ ಎರಡು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಬಳಸಿ. ಸಾಮಿಲ್ಲಿನ ಮರದ ಪುಡಿ ಬೇಡ. ಯಾವ ಮರದ್ದೋ, ಯಾವ ಔಷಧಿ ಹೊಡೆದದ್ದೋ ಗೊತ್ತಾಗುವುದಿಲ್ಲ. ದೇವದಾರು, ಪೈನ್‌ನಂಥ ಘಮಘಮ ಮರದ ಎಣ್ಣೆ ಇಲಿಯ ಯಕೃತ್ತಿಗೂ ಉಸಿರಿಗೂ ಕೆಟ್ಟದ್ದು. ಗೂಡು ಕಟ್ಟಲು ಟಿಶ್ಯೂ ಪೇಪರ್ ಅಥವಾ ಮುದ್ರಣವಿಲ್ಲದ ಕಾಗದದ ಚೂರು ಕೊಡಿ. ಹತ್ತಿ, ದಾರ ಬೇಡ, ಎಳೆಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ನೀರಿಗೆ ಬಟ್ಟಲು ಇಟ್ಟರೆ ಅರ್ಧ ಗಂಟೆಯಲ್ಲಿ ಹೊಟ್ಟು ತುಂಬಿರುತ್ತದೆ. ಸ್ಟೀಲ್ ಮೂತಿಯ ಬಾಟಲಿ ತನ್ನಿ. ದಿನಾ ಬೆಳಗ್ಗೆ ಮೂತಿಯ ಗೋಲಿಯನ್ನು ಬೆರಳಿನಿಂದ ಒತ್ತಿ, ಹನಿ ಬರುತ್ತದೆಯೇ ನೋಡಿ. ಬಾಟಲಿ ತುಂಬಿದೆ ಎಂದು ಸುಮ್ಮನಾಗಬೇಡಿ. ಗೋಲಿ ಸಿಕ್ಕಿಕೊಂಡರೆ ಬಾಟಲಿ ತುಂಬಿಯೇ ಇರುತ್ತದೆ, ಒಳಗೆ ತಾಯಿ ಬಾಯಾರಿ ತನ್ನ ಮರಿಯನ್ನೇ ತಿಂದಿರುತ್ತದೆ. ಇಡೀ ಸಾಕಣೆಯಲ್ಲಿ ಒಂದೇ ಒಂದು ಕೆಲಸವನ್ನು ತಪ್ಪದೆ ಮಾಡಬೇಕು ಎಂದರೆ ಅದು ಇದೇ.

ಒಂದು ಇಲಿ ದಿನಕ್ಕೆ 3ರಿಂದ 5 ಗ್ರಾಂ ತಿನ್ನುತ್ತದೆ. ಶೇ. 18ರಿಂದ 22ರಷ್ಟು ಪ್ರೋಟೀನ್ ಇರುವ ಇಲಿ ಪೆಲೆಟ್ ಸಿಕ್ಕರೆ ಮತ್ತೆ ಯೋಚಿಸಬೇಡಿ, ಅದನ್ನೇ ಹಾಕಿ. ಸಿಗದಿದ್ದರೆ ಗೋಧಿ, ಓಟ್ಸ್, ರಾಗಿ, ಹುರಿಗಡಲೆ ಬೆರೆಸಿ, ಜೊತೆಗೆ ಒಳ್ಳೆಯ ನಾಯಿ ಪೆಲೆಟ್ ಕಾಲು ಭಾಗ ಸೇರಿಸಿ. ಮಿಶ್ರಣ ಕೊಟ್ಟರೆ ಇಲಿ ತನಗೆ ರುಚಿಸಿದ್ದನ್ನು ಆರಿಸಿ ತಿಂದು ಉಳಿದದ್ದನ್ನು ಬಿಡುತ್ತದೆ. ಹಾಗಾಗಿ ಬಟ್ಟಲು ಖಾಲಿಯಾಗುವವರೆಗೆ ಮತ್ತೆ ತುಂಬಿಸಬೇಡಿ. ಬಸುರಿ, ಬಾಣಂತಿ ಇಲಿಗೆ ಮಾತ್ರ ಯಾವಾಗಲೂ ಊಟ ಇರಲಿ, ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆಯ ಚೂರೂ ಇರಲಿ. ಬೂಸ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳ ದನಕ್ಕೂ ಆಗದು, ಇಲಿಗೂ ಆಗದು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಇರಬಹುದು. ಔಷಧಿ ಬೆರೆಸಿದ ಕೋಳಿ ಫೀಡ್ ಕೂಡ ಬೇಡ.

ಊಟದ ದಾಸ್ತಾನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿರಲಿ. ಇಲ್ಲದಿದ್ದರೆ ಮನೆ ಇಲಿಗಳು ಬರುತ್ತವೆ. ಅವುಗಳ ಜೊತೆ ಇಲಿ ಜ್ವರ ಬರುತ್ತದೆ, ಉಣ್ಣೆ ಚಿಗಟ ಬರುತ್ತವೆ. ಎಲ್ಲೋ ಇಲಿ ಪಾಷಾಣ ತಿಂದು ಬಂದಿದ್ದರೆ ಅದೂ ಬರುತ್ತದೆ. ಬೋನಿಗೆ ಬಿದ್ದ ಮನೆ ಇಲಿಯನ್ನು ಹಾವಿಗೆ ಹಾಕಿದರೆ ಖರ್ಚು ಉಳಿಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಬೇಡವೇ ಬೇಡ.

ಇಲಿ ಆರಿಸುವುದು

ಪೆಟ್ ಅಂಗಡಿಯ ಬಿಳಿ ಇಲಿಗಳು ಹೆಚ್ಚಾಗಿ ಸ್ವಿಸ್ ಅಲ್ಬಿನೋ ವಂಶದವು. ಲ್ಯಾಬ್‌ಗಳಲ್ಲಿ ಹೆಸರಾದ ತಳಿ, ಮರಿ ಚೆನ್ನಾಗಿ ಹಾಕುತ್ತದೆ, ತಾಯ್ತನವೂ ಚೆನ್ನ. ಐದಾರು ವಾರದ ಎಳೆಯವನ್ನೇ ತನ್ನಿ. ದೊಡ್ಡ ಹೆಣ್ಣು ತಂದರೆ ಅಂಗಡಿಯಲ್ಲೇ ಬಸಿರಾಗಿ ಬಂದಿರುವುದು ಗ್ಯಾರಂಟಿ. ಸಾಧ್ಯವಾದರೆ ಗಂಡನ್ನು ಒಂದು ಅಂಗಡಿಯಿಂದ, ಹೆಣ್ಣನ್ನು ಇನ್ನೊಂದರಿಂದ ತನ್ನಿ.

ಬಾಲದ ಬುಡದ ಹತ್ತಿರ ನೋಡಿದರೆ ಗಂಡು ಹೆಣ್ಣು ಗೊತ್ತಾಗುತ್ತದೆ. ಮೂತ್ರದ್ವಾರಕ್ಕೂ ಮಲದ್ವಾರಕ್ಕೂ ನಡುವಿನ ಅಂತರ ಗಂಡಿನಲ್ಲಿ ಹೆಣ್ಣಿನ ಎರಡರಷ್ಟು. ಎರಡು ಮೂರು ಮರಿ ಪಕ್ಕಪಕ್ಕ ಹಿಡಿದು ನೋಡಿದರೆ ಸಂಶಯ ಉಳಿಯುವುದಿಲ್ಲ. ಇಲಿಯನ್ನು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಕೇಳಿ. ಉಸಿರಲ್ಲಿ ಟಿಕ್ ಟಿಕ್ ಸದ್ದು ಇದ್ದರೆ ಶ್ವಾಸಕೋಶದ ಸೋಂಕು, ವಾಪಸ್ ಇಡಿ. ತುಪ್ಪುಳ ಕಿತ್ತಿದ್ದು, ಕಿವಿಯ ಅಂಚಲ್ಲಿ ಹಕ್ಕಳೆ, ಹಿಂದೆ ಒದ್ದೆ ಇದ್ದರೂ ಬೇಡ. ಆ ಪೆಟ್ಟಿಗೆಯ ಯಾವ ಇಲಿಯೂ ಬೇಡ.

ಮನೆಗೆ ತಂದ ಮೇಲೆ ಗಂಡು ಒಂದು ಪೆಟ್ಟಿಗೆ, ಹೆಣ್ಣೆರಡು ಇನ್ನೊಂದು ಪೆಟ್ಟಿಗೆ. ಎರಡು ಮೂರು ವಾರ ಹಾಗೇ ಇರಲಿ. ಕಾಯಿಲೆ ಇದ್ದರೆ ಅಷ್ಟರಲ್ಲಿ ಬಯಲಾಗುತ್ತದೆ, ಹೆಣ್ಣುಗಳೂ ಬಲಿಯುತ್ತವೆ. ಬೆಳೆದ ಎರಡು ಗಂಡನ್ನು ಮಾತ್ರ ಯಾವತ್ತೂ ಒಟ್ಟಿಗೆ ಹಾಕಬೇಡಿ. ಅವು ಬೆನ್ನು, ಬಾಲ, ವೃಷಣ ಕಚ್ಚಿ ಹರಿದು ಒಂದನ್ನೊಂದು ಕೊಲ್ಲುತ್ತವೆ.

ಕೂಡಿಸುವುದು, ಬಿಡಿಸುವುದು

ಹೆಣ್ಣುಗಳಿಗೆ ಕನಿಷ್ಠ ಎಂಟು ವಾರ, ಹತ್ತು ಹನ್ನೆರಡು ಆದರೆ ಇನ್ನೂ ಒಳ್ಳೆಯದು. ಹೆಣ್ಣುಗಳ ಪೆಟ್ಟಿಗೆಗೆ ಹೊಸ ಹಾಸು ಹಾಕಿ, ಅದರ ಮೇಲೆ ಗಂಡಿನ ಪೆಟ್ಟಿಗೆಯ ಹಳೇ ಹಾಸು ಒಂದು ಹಿಡಿ ಉದುರಿಸಿ. ಆಮೇಲೆ ಗಂಡನ್ನು ಬಿಡಿ. ಗಂಡಿನ ವಾಸನೆಯಿಲ್ಲದೆ ಇದ್ದ ಹೆಣ್ಣುಗಳಿಗೆ ಆ ವಾಸನೆ ತಗಲಿದರೆ ಮೂರನೇ ರಾತ್ರಿಯ ಹೊತ್ತಿಗೆ ಹಲವು ಒಟ್ಟಿಗೇ ಬೆದೆಗೆ ಬರುತ್ತವೆ. ಇದರಿಂದ ಒಂದು ಲಾಭ ಇದೆ. ಎರಡೂ ಒಂದೆರಡು ದಿನದ ಅಂತರದಲ್ಲಿ ಮರಿ ಹಾಕುತ್ತವೆ, ಮರಿಗಳನ್ನು ಒಂದೇ ಗೂಡಿಗೆ ಹಾಕಿಕೊಂಡು ಸರದಿಯಲ್ಲಿ ಹಾಲು ಕುಡಿಸುತ್ತವೆ. ಒಂದು ಅಮ್ಮನಿಗೆ ಹಾಲು ಕಡಿಮೆಯಾದರೂ ಮರಿ ಸೊರಗುವುದಿಲ್ಲ.

ಗಂಡನ್ನು ಹತ್ತು ಹನ್ನೆರಡು ದಿನ ಬಿಡಿ. ಬೆದೆಯ ಚಕ್ರ ನಾಲ್ಕೈದು ದಿನದ್ದು, ಹಾಗಾಗಿ ಎರಡು ಅವಕಾಶ ಸಿಕ್ಕ ಹಾಗಾಯಿತು. ಆಮೇಲೆ ಅದನ್ನು ಅದರ ಪೆಟ್ಟಿಗೆಗೆ ವಾಪಸ್ ಹಾಕಿ. ಇಡೀ ವಿಧಾನದ ಬೀಗದಕೈ ಇದೇ. ಮರಿ ಹಾಕುವ ದಿನ ಗಂಡು ಅಲ್ಲಿರಕೂಡದು. ಇದ್ದರೆ ಆ ರಾತ್ರಿಯೇ ಮುಂದಿನ ಬಸಿರು. ‘ಇರಲಿ ಬಿಡು, ಅಪ್ಪ ಮರಿಗಳನ್ನು ಕಾಯುತ್ತಾನೆ’ ಎಂದುಕೊಳ್ಳುವವರು ಒಂದು ತಿಂಗಳು ಬಿಟ್ಟು ಪೆಟ್ಟಿಗೆ ಎಣಿಸಿ ನೋಡಲಿ.

ಗಂಡಿನ ಕೆಲಸ ಆಗಲಿಲ್ಲ ಎಂದು ಅವಸರಪಟ್ಟು ಬೇರೆ ಗಂಡು ತಂದು ಹಾಕುವುದೂ ತಪ್ಪು. ಹೊಸದಾಗಿ ಬಸಿರಾದ ಹೆಣ್ಣಿಗೆ ಅಪರಿಚಿತ ಗಂಡಿನ ವಾಸನೆ ತಗಲಿದರೆ ಬಸಿರು ನಿಂತುಹೋಗುತ್ತದೆ. ಬ್ರಿಟನ್ನಿನ ವಿಜ್ಞಾನಿ ಹಿಲ್ಡಾ ಬ್ರೂಸ್ 1959ರಲ್ಲಿ ಇದನ್ನು ತೋರಿಸಿಕೊಟ್ಟರು. ಒಂದು ಸುತ್ತಿಗೆ ಒಂದೇ ಗಂಡು.

ಗೂಡಿನಲ್ಲಿ ಏನೇನಾಗುತ್ತದೆ

ಗಂಡು ಬಿಟ್ಟ ದಿನದಿಂದ ಸುಮಾರು ಮೂರು ವಾರಕ್ಕೆ ಒಂದು ಬೆಳಗ್ಗೆ ಚಿಂವ್ ಚಿಂವ್ ಕೇಳುತ್ತದೆ. ಮುಚ್ಚಳ ತೆಗೆದು ಗೂಡು ಕೆದಕುವ ಆಸೆಯನ್ನು ತಡೆದುಕೊಳ್ಳಿ. ಮೊದಲ ಮೂರು ನಾಲ್ಕು ದಿನ ನೀರು, ಊಟ ಬಿಟ್ಟರೆ ಕೈ ಹಾಕಬೇಡಿ, ಹಾಸು ಬದಲಿಸಬೇಡಿ. ಚೊಚ್ಚಲ ತಾಯಿ ಗಾಬರಿಯಾದರೆ ಮರಿ ತಿನ್ನುತ್ತದೆ. ಮುಟ್ಟಲೇಬೇಕಾಗಿ ಬಂದರೆ ಅದೇ ಪೆಟ್ಟಿಗೆಯ ಹಾಸಿನಲ್ಲಿ ಕೈ ಉಜ್ಜಿಕೊಂಡು ಮುಟ್ಟಿ.

ಹುಟ್ಟಿದಾಗ ಮರಿಯ ತೂಕ ಒಂದರಿಂದ ಒಂದೂವರೆ ಗ್ರಾಂ. ತುಪ್ಪುಳವಿಲ್ಲದ ಈ ಗುಲಾಬಿ ಮರಿಗಳೇ ‘ಪಿಂಕಿ’. ಮೊಟ್ಟೆಯಿಂದ ಬಂದ ಕಾರ್ನ್ ಸ್ನೇಕ್ ಮರಿಗೆ ಐದರಿಂದ ಏಳು ದಿನಕ್ಕೊಂದು ಪಿಂಕಿ ಸಾಕು. ವಾರದ ಹೊತ್ತಿಗೆ ಮೈಮೇಲೆ ತುಪ್ಪುಳ ಮೂಡಿ ‘ಫಜಿ’ ಆಗುತ್ತದೆ. ಒಂಬತ್ತು ಹತ್ತು ದಿನಕ್ಕೆ ಹೆಣ್ಣುಮರಿಗಳ ಹೊಟ್ಟೆಯ ಮೇಲೆ ಮೊಲೆತೊಟ್ಟಿನ ಚುಕ್ಕಿ ಸ್ಪಷ್ಟವಾಗಿ ಕಾಣುತ್ತದೆ. ಗಂಡು ಹೆಣ್ಣು ಎಣಿಸಿಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. 12ರಿಂದ 14 ದಿನಕ್ಕೆ ಕಣ್ಣು ಬಿಡುತ್ತವೆ. ಅಲ್ಲಿಂದ ಮೂರು ವಾರದವರೆಗೆ ‘ಹಾಪರ್’. ಹೆಸರೇ ಹೇಳುವ ಹಾಗೆ ಮುಚ್ಚಳ ತೆಗೆದರೆ ಸಾಕು, ಪಾಪ್‌ಕಾರ್ನ್ ಹಾಗೆ ಹಾರುತ್ತವೆ. ಪೆಟ್ಟಿಗೆಯನ್ನು ಬಾತ್‌ರೂಮಿನಲ್ಲಿ, ಬಾಗಿಲು ಹಾಕಿಕೊಂಡು ತೆಗೆಯಿರಿ.

21ನೇ ದಿನ ಹಾಲು ಬಿಡಿಸಿ. ನಾಲ್ಕು ವಾರದೊಳಗೆ ಗಂಡು ಮರಿ ಬೇರೆ, ಹೆಣ್ಣು ಮರಿ ಬೇರೆ ಆಗಿರಲೇಬೇಕು. ಹೆಣ್ಣುಮರಿಗಳು ಅಮ್ಮಂದಿರ ಜೊತೆಯೇ ಇರಬಹುದು. ಒಂದೇ ಗೂಡಿನ ಗಂಡುಮರಿಗಳು ಆರೇಳು ವಾರ ಜಗಳವಿಲ್ಲದೆ ಇರುತ್ತವೆ. ಎಂಟು ವಾರಕ್ಕೆ ಇಲಿ 20ರಿಂದ 25 ಗ್ರಾಂ ತೂಗುತ್ತದೆ, ಬೆಳೆದ ಕಾರ್ನ್ ಸ್ನೇಕ್‌ಗೆ ಅದು ಸರಿಯಾದ ಊಟ. ಅದಕ್ಕಿಂತ ಜಾಸ್ತಿ ದಿನ ಇಟ್ಟರೆ ಊಟದ ಖರ್ಚು, ವಾಸನೆ, ಜಗಳ ಬಿಟ್ಟರೆ ಏನೂ ಗಿಟ್ಟುವುದಿಲ್ಲ.

ವಾಸನೆ

ಅಕ್ಕಪಕ್ಕದವರ ದೂರು ಬರುವುದು ಹಾವಿನಿಂದ ಅಲ್ಲ, ಇಲಿ ವಾಸನೆಯಿಂದ. ಗಂಡಿಲಿಯ ಮೂತ್ರ ಘಾಟು. ವಾರಕ್ಕೊಮ್ಮೆ ಹಾಸು ಬದಲಿಸಿ, ಪೆಟ್ಟಿಗೆ ತೊಳೆದು ಬಿಸಿಲಿಗಿಡಿ. ಆದರೆ ಗೂಡಿನ ಒಣ ಭಾಗವನ್ನು ಒಂದಿಷ್ಟು ಎತ್ತಿ ಹೊಸ ಹಾಸಿನ ಮೇಲೆ ಇಡಿ. ತನ್ನ ವಾಸನೆಯೇ ಇಲ್ಲದ ಪೆಟ್ಟಿಗೆ ಸಿಕ್ಕರೆ ಗಂಡು ಇಲಿ ಮತ್ತೆ ಮೂಲೆ ಮೂಲೆಗೂ ಮೂತ್ರ ಹೊಯ್ದು ಗಡಿ ಗುರುತು ಮಾಡುತ್ತದೆ. ತುಂಬಾ ಶುಚಿ ಮಾಡಿದಷ್ಟೂ ವಾಸನೆ ಜಾಸ್ತಿ ಎನ್ನುವ ವಿಚಿತ್ರ ಇಲ್ಲಿ ನಿಜ. ಫಿನಾಯಿಲ್ ಬೇಡ, ಸೋಪು ನೀರು ಸಾಕು. ಹಿಕ್ಕೆ ತುಂಬಿದ ಹಾಸನ್ನು ಗುಡಿಸುವ ಮೊದಲು ಸ್ವಲ್ಪ ನೀರು ಚಿಮುಕಿಸಿ, ಮಾಸ್ಕು, ಗ್ಲೌಸ್ ಹಾಕಿಕೊಳ್ಳಿ. ತರಕಾರಿ ಗಿಡದ ಬುಡಕ್ಕೆ ಹಾಕಬೇಡಿ. ದಪ್ಪ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಕೊಡಿ.

ಕೊಲ್ಲುವ ಕೆಲಸ

ಇದರ ಬಗ್ಗೆ ಸುತ್ತಿ ಬಳಸಿ ಹೇಳುವುದರಿಂದ ಇಲಿಗೆ ಒಳ್ಳೆಯದಾಗುವುದಿಲ್ಲ. ಜೀವಂತ ಇಲಿಯನ್ನು ಫ್ರೀಜರ್‌ಗೆ ಹಾಕುವುದು ಹಿಂಸೆ. ಪಿಂಕಿಯನ್ನಾದರೂ ಹಾಗೆ ಮಾಡಕೂಡದು. ನೀರಲ್ಲಿ ಮುಳುಗಿಸುವುದು ಕೂಡ ಹಿಂಸೆಯೇ. ಜೀವಂತ ಇಲಿಯನ್ನು ಹಾವಿನ ಪೆಟ್ಟಿಗೆಗೆ ಬಿಡುವುದೂ ಒಳ್ಳೆಯದಲ್ಲ. ಹಸಿವಿಲ್ಲದ ಹಾವನ್ನು ಇಲಿಯೇ ರಾತ್ರಿಯೆಲ್ಲ ಕಚ್ಚಿ ಬೆನ್ನೆಲುಬು ಕಾಣುವ ಹಾಗೆ ಮಾಡಿದ್ದನ್ನು ಪಶುವೈದ್ಯರು ನೋಡುತ್ತಿರುತ್ತಾರೆ. ಇನ್ನು ಅದನ್ನು ವಿಡಿಯೋ ಮಾಡಿ ಹಾಕುವವರಿಗೆ ಒಂದು ವಿಷಯ ತಿಳಿದಿರಲಿ. ಬರೀ ಮನರಂಜನೆಗೆಂದು ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದಕ್ಕೆ ಬೇಟೆಯಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ.

ಬೆಳೆದ ಇಲಿಗಳಿಗೆ ಎರಡು ಒಪ್ಪಿತ ದಾರಿಗಳಿವೆ. ಒಂದು, ಕತ್ತಿನ ಮೂಳೆ ಕ್ಷಣದಲ್ಲಿ ಕಳಚುವುದು. ಸರಿಯಾಗಿ ಮಾಡಿದರೆ ಅದರಷ್ಟು ಬೇಗ ಮುಗಿಯುವುದು ಬೇರಿಲ್ಲ, ತಪ್ಪಾಗಿ ಮಾಡಿದರೆ ಅದರಷ್ಟು ಕೆಟ್ಟದ್ದು ಬೇರಿಲ್ಲ. ಇದನ್ನು ಓದಿ ಕಲಿಯಬೇಡಿ. ಸಣ್ಣ ಪ್ರಾಣಿಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ, ತೋರಿಸಿಕೊಡಿ ಎಂದು ಕೇಳಿ.

ಇನ್ನೊಂದು ಇಂಗಾಲದ ಡೈಆಕ್ಸೈಡ್. ಸಿಲಿಂಡರಿನಿಂದ, ಹರಿವನ್ನು ಅಳೆಯುವ ಮೀಟರ್ ಮೂಲಕ ಬಿಡಬೇಕು. ನಿಮಿಷಕ್ಕೆ ಪೆಟ್ಟಿಗೆಯ ಗಾತ್ರದ ಶೇ. 30ರಿಂದ 70ರಷ್ಟು ಗ್ಯಾಸ್ ಹೋಗಬೇಕು. 20 ಲೀಟರ್ ಪೆಟ್ಟಿಗೆಗೆ ನಿಮಿಷಕ್ಕೆ 6ರಿಂದ 14 ಲೀಟರ್ ಆಯಿತು. ಅಕ್ವೇರಿಯಂ ಗಿಡಗಳಿಗೆ ಹನಿಹನಿಯಾಗಿ ಬಿಡುವ ರೆಗ್ಯುಲೇಟರ್ ಇದಕ್ಕೆ ಸಾಲದು. ಮೊದಲೇ ಗ್ಯಾಸ್ ತುಂಬಿದ ಪೆಟ್ಟಿಗೆಗೆ ಇಲಿ ಹಾಕಿದರೆ ಮೂಗು ಗಂಟಲು ಉರಿದು ಒದ್ದಾಡುತ್ತದೆ, ಅದಕ್ಕೇ ನಿಧಾನವಾಗಿ ತುಂಬಿಸುವುದು. ಉಸಿರು ನಿಂತ ಮೇಲೂ ಹಲವು ನಿಮಿಷ ಬಿಟ್ಟು, ಪ್ರತಿಯೊಂದನ್ನೂ ಹಿಡಿದು ಸತ್ತದ್ದು ಖಾತ್ರಿ ಮಾಡಿಕೊಳ್ಳಿ. ಕಿಟಕಿ ತೆರೆದಿರಲಿ, ಈ ಗ್ಯಾಸ್ ನಮಗೂ ಅಪಾಯ. ಅಡುಗೆ ಸೋಡಾ, ವಿನೆಗರ್ ಬೆರೆಸಿ ಗ್ಯಾಸ್ ಮಾಡುವ ಉಪಾಯ ಎಲ್ಲೆಡೆ ಓಡಾಡುತ್ತಿದೆ. ಅದರಲ್ಲಿ ಎಷ್ಟು ಗ್ಯಾಸ್ ಬಂತು ಎನ್ನುವುದಕ್ಕೆ ಲೆಕ್ಕವೇ ಇಲ್ಲ, ಬೇಡ.

ಪಿಂಕಿಗಳ ವಿಷಯ ಬೇರೆ. ಹೊಸ ಮರಿಗಳು ಆಮ್ಲಜನಕ ಇಲ್ಲದೆ ಬಹಳ ಹೊತ್ತು ತಡೆಯುತ್ತವೆ. ಅವುಗಳಿಗೆ ಈ ಗ್ಯಾಸ್‌ನಲ್ಲಿ 50 ನಿಮಿಷದವರೆಗೂ ಬೇಕಾಗಬಹುದು. ಹತ್ತು ನಿಮಿಷಕ್ಕೆ ತೆಗೆದು ಫ್ರೀಜರ್‌ಗೆ ಹಾಕಿದರೆ ಜೀವಂತ ಮರಿಯನ್ನೇ ಹಾಕಿದ ಹಾಗೆ. ಪಿಂಕಿ ಹಂತದಲ್ಲಿ ಜಾಸ್ತಿ ಸಂಗ್ರಹ ಬೇಕಿಲ್ಲದವರು ಮರಿಗಳನ್ನು ದೊಡ್ಡದಾಗಲು ಬಿಡುವುದೇ ಸರಿ.

ವರ್ಷದ ಪಟ್ಟಿ

ನಾನು ಪಾಲಿಸುವ ಕ್ರಮ ಹೀಗಿದೆ. ಜುಲೈನಲ್ಲಿ ಮೂರು ಎಳೆ ಇಲಿ ತರುವುದು. ಆಗಸ್ಟ್ ಕೊನೆಗೆ ಕೂಡಿಸುವುದು. ಸೆಪ್ಟೆಂಬರಿನಲ್ಲಿ ಮರಿ, ನವೆಂಬರ್ ಮಧ್ಯಕ್ಕೆ ಫ್ರೀಜರ್. ಹೆಣ್ಣುಗಳಿಗೆ ಒಂದು ತಿಂಗಳ ಮೇಲೆ ಬಿಡುವು. ಡಿಸೆಂಬರ್ ಕೊನೆಗೆ ಅದೇ ಜೋಡಿಯನ್ನು ಮತ್ತೆ ಕೂಡಿಸಿದರೆ ಜನವರಿಯಲ್ಲಿ ಮರಿ, ಮಾರ್ಚ್ ಮಧ್ಯಕ್ಕೆ ಎರಡನೇ ಸುತ್ತು ಮುಗಿಯಿತು. ತಾಯಿ ತಂದೆಯರದ್ದೂ ಅಷ್ಟಕ್ಕೇ ಮುಗಿಯಿತು. ಹೆಣ್ಣಿಗೆ ಎಂಟು ಒಂಬತ್ತು ತಿಂಗಳಾದ ಮೇಲೆ ಮರಿ ಕಡಿಮೆ, ಕಷ್ಟ ಜಾಸ್ತಿ. ಏಪ್ರಿಲ್, ಮೇ ಸೆಖೆಗೆ ಮನೆಯಲ್ಲಿ ಒಂದೂ ಇಲಿ ಇರುವುದಿಲ್ಲ. ಮುಂದಿನ ಜುಲೈಗೆ ಹೊಸವು, ಹಾಗಾಗಿ ಒಂದೇ ರಕ್ತ ಮತ್ತೆ ಮತ್ತೆ ಕೂಡುವ ಯೋಚನೆಯೂ ಇಲ್ಲ. ಎರಡು ಸುತ್ತಿಗೆ ಮೂವತ್ತರ ಹತ್ತಿರ ಇಲಿ ಆಗುತ್ತದೆ, ಒಂದು ಬೆಳೆದ ಹಾವಿನ ವರ್ಷ ಕಳೆಯುತ್ತದೆ. ಎರಡು ಹಾವು ಇದ್ದರೆ ಹೆಣ್ಣು ನಾಲ್ಕು ಇಡಿ, ಪೆಟ್ಟಿಗೆ ದೊಡ್ಡದು ಮಾಡಿ. ಸುತ್ತು ಹೆಚ್ಚಿಸಬೇಡಿ.

ಫ್ರೀಜರ್‌ನಿಂದ ಹಾವಿಗೆ

ಮೈಮೇಲಿನ ಹೊಟ್ಟು ಒರೆಸಿ, ಒಂದೊಂದನ್ನೇ ಜಿಪ್ ಪೌಚಿನಲ್ಲಿ ಗಾಳಿ ಒತ್ತಿ ತೆಗೆದು ಮುಚ್ಚಿ. ತೂಕ, ತಾರೀಕು ಬರೆದು ಮೈನಸ್ 18 ಡಿಗ್ರಿಯಲ್ಲಿಡಿ. ಹಳೆಯದನ್ನು ಮೊದಲು ತೆಗೆಯಿರಿ. ಆರು ತಿಂಗಳೊಳಗೆ ಮುಗಿದರೆ ಉತ್ತಮ, ವರ್ಷ ದಾಟಿದ್ದನ್ನು ಎಸೆಯಿರಿ.

ಹಾವಿನ ಮೈಯ ಅತಿ ದಪ್ಪ ಭಾಗ ಎಷ್ಟಿದೆಯೋ ಇಲಿ ಅಷ್ಟೇ ದಪ್ಪ ಇರಲಿ. ಊಟದ ಹಿಂದಿನ ರಾತ್ರಿ ಪೌಚನ್ನು ಒಂದು ಮುಚ್ಚಿದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಅಡುಗೆಯ ಫ್ರಿಜ್‌ನಲ್ಲಿ ಅಲ್ಲ, ಇದಕ್ಕೇ ಇಟ್ಟಿರುವುದರಲ್ಲಿ. ಮರುದಿನ ಪೌಚಿನ ಸಮೇತ ಬಿಸಿನೀರಿನಲ್ಲಿ ಮುಳುಗಿಸಿ. ಹೊಟ್ಟೆ ಒತ್ತಿದರೆ ಒಳಗೆಲ್ಲೂ ಗಟ್ಟಿ ಸಿಗಬಾರದು, ಮೇಲ್ಮೈ 38ರಿಂದ 40 ಡಿಗ್ರಿ ಇರಬೇಕು. ಮೈಕ್ರೋವೇವ್‌ನಲ್ಲಿ ಇಟ್ಟರೆ ಒಂದು ಕಡೆ ಹಸಿ, ಇನ್ನೊಂದು ಕಡೆ ಬೆಂದು ಒಡೆಯುತ್ತದೆ. ಉದ್ದನೆಯ ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಸ್ವಲ್ಪ ಆಡಿಸಿ. ಕೈಯಲ್ಲಿ ಹಿಡಿದು ಕೊಟ್ಟರೆ ಬಿಸಿ ಬೆರಳು ಯಾವುದು, ಬಿಸಿ ಇಲಿ ಯಾವುದು ಅನ್ನುವ ವ್ಯತ್ಯಾಸ ಅದಕ್ಕೆ ಗೊತ್ತಾಗುವುದಿಲ್ಲ. ಪೊರೆ ಬಿಡುವ ಸಮಯವಾಗಿ ಕಣ್ಣು ಮಬ್ಬಾಗಿದ್ದರೆ ಆ ವಾರ ಬಿಡಿ. ಅದು ತಿನ್ನದೆ ಬಿಟ್ಟ ಇಲಿಯನ್ನು ಮತ್ತೆ ಫ್ರೀಜ್ ಮಾಡಬೇಡಿ, ಎಸೆಯಿರಿ.

ತಿಂದ ಮೇಲೆ ಎರಡು ದಿನ ಹಾವನ್ನು ಎತ್ತಬೇಡಿ, ಬಿಸಿ ಮೂಲೆ ಬಿಸಿಯಾಗಿಯೇ ಇರಲಿ. ಕಕ್ಕಿದರೆ ಮರುದಿನವೇ ಇನ್ನೊಂದು ಕೊಡುವ ಅವಸರ ಮಾಡದೆ ಹತ್ತು ಹದಿನಾಲ್ಕು ದಿನ ಬಿಟ್ಟು, ಅರ್ಧ ಗಾತ್ರದ್ದು ಕೊಡಿ. ಅದನ್ನೂ ಕಕ್ಕಿದರೆ ಹಾವಿನ ತಾಜಾ ಮಲವನ್ನು ಡಬ್ಬಿಯಲ್ಲಿ ತೆಗೆದುಕೊಂಡು ಪಶುವೈದ್ಯರ ಹತ್ತಿರ ಹೋಗಿ. ಪೌಚಿನ ಮೇಲೆ ಬರೆದ ತಾರೀಕನ್ನೂ ಅವರಿಗೆ ಹೇಳಿ.